ಗಣಕಯಂತ್ರದಲ್ಲಿ ಛಾಯಾಚಿತ್ರಗಳನ್ನು ತಿರುಗಿಸುವಿಕೆ: ಒಂದು ವಿವೇಚನೆ

ಗೋಡೆಗೆ ತೂಗುಹಾಕಿದ ಭಾವಚಿತ್ರವು ಒಂದು ಬದಿಗೆ ವಾಲಿದರೆ ಕೈಯಿಂದ ನೇರ್ಪಡಿಸಿದರಾಯಿತು. ಆಲ್ಬಮ್ಮಿನ ಹಾಳೆಯಲ್ಲಿ ಅಡ್ಡಲಾಗಿ ಅಂಟಿಸಿದ ಚಿತ್ರವಿದ್ದರೆ ಆಲ್ಬಮ್ಮನ್ನೇ ತಿರುಗಿಸಿ ನೋಡಿದರಾಯಿತು. ಇದರಿಂದ ಚಿತ್ರಕ್ಕೆ ಯಾವ ಬಾಧೆಯೂ ತಗುಲುವುದಿಲ್ಲ. ಗಣಕಯಂತ್ರದಲ್ಲಿ ಶೇಖರಿಸಿಟ್ಟ ಡಿಜಿಟಲ್ ಛಾಯಾಚಿತ್ರವನ್ನು ತಿರುಗಿಸುವುದೂ ಇಷ್ಟೇ ನಿರಪಾಯವಾದ ಕಾರ್ಯವೆಂದು ಸಾಮಾನ್ಯರ ನಂಬಿಕೆ. ಆದರೆ ಈ ನಂಬಿಕೆಯು ಪೂರ್ಣವಾಗಿ ನಿಜವಲ್ಲ. ತಿರುಗಿಸುವ ಗುಂಡಿಯನ್ನು ಒಂದು ಸಲ ಒತ್ತಿದೊಡನೆ ಚಿತ್ರದ ಸೂಕ್ಷ್ಮ ವಿವರಗಳು ಶಾಶ್ವತವಾಗಿ ನಷ್ಟವಾಗಬಹುದು, ಅಂಚು ಕತ್ತರಿಸಿಹೋಗಬಹುದು, ಅಥವಾ ಒಂದು ಯಂತ್ರದಲ್ಲಿ ನೆಟ್ಟಗೆ ನಿಂತ ಚಿತ್ರವು ಇನ್ನೊಂದು ಯಂತ್ರದಲ್ಲಿ ಮಗ್ಗುಲಾಗಿ ಬೀಳಬಹುದು.

ಒಂದು ಮನೆಯ ಮದುವೆಯ ನಾಲ್ಕುನೂರು ಚಿತ್ರಗಳನ್ನು ಕ್ಯಾಮರಾದಿಂದ ಗಣಕಯಂತ್ರಕ್ಕೆ ಇಳಿಸಿಕೊಂಡರೆಂದು ಇಟ್ಟುಕೊಳ್ಳಬಹುದು. ಅವುಗಳಲ್ಲಿ ನೂರು ಚಿತ್ರಗಳು ಅಡ್ಡಲಾಗಿ ಮಲಗಿವೆ. ಮನೆಯ ಹುಡುಗನು ರಾತ್ರಿಯೆಲ್ಲ ಕುಳಿತು ಒಂದೊಂದನ್ನಾಗಿ ತಿರುಗಿಸಿ ನಿಲ್ಲಿಸುತ್ತಾನೆ. ಮರುದಿನ ಅವನ್ನು ನೆಂಟರ ಮನೆಗೆ ಕೊಟ್ಟುಕಳುಹಿಸಿದರೆ, ಅವರ ಯಂತ್ರದಲ್ಲಿ ವಧೂವರರು ಮತ್ತೊಂದು ಮಗ್ಗುಲಿಗೆ ಮಲಗಿರುತ್ತಾರೆ! ಅವರು ತಮ್ಮ ಪಾಲಿಗೆ ಇನ್ನೊಮ್ಮೆ ತಿರುಗಿಸುತ್ತಾರೆ. ಹೀಗೆ ಕೈಯಿಂದ ಕೈಗೆ ಹೋದ ಚಿತ್ರವು ಪ್ರತಿ ಮನೆಯಲ್ಲಿಯೂ ಒಂದು ಸುತ್ತು ತಿರುಗಿ, ಪ್ರತಿ ಸುತ್ತಿಗೂ ಒಂದಿಷ್ಟು ಸವೆಯುತ್ತದೆ. ಇಲ್ಲಿ ತಪ್ಪು ಹುಡುಗನದೂ ಅಲ್ಲ, ನೆಂಟರದೂ ಅಲ್ಲ. ಚಿತ್ರವೆಂಬುದೊಂದು, ಆ ಚಿತ್ರವನ್ನು ಯಾವ ಬದಿ ಮೇಲಾಗಿ ನೋಡಬೇಕೆಂಬ ಸೂಚನೆ ಮತ್ತೊಂದು ಎಂಬ ಭೇದವನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ. ಈ ಭೇದವನ್ನು ಅರಿತರೆ ಉಳಿದ ತೊಡಕುಗಳು ಬಹುಮಟ್ಟಿಗೆ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಚಿತ್ರ ಮತ್ತು ಚೀಟಿ

ಡಿಜಿಟಲ್ ಕ್ಯಾಮರಾದ ಒಳಗೆ ಬೆಳಕನ್ನು ಗ್ರಹಿಸುವ ಫಲಕವೊಂದಿದೆ. ಅದು ಅಗಲವಾಗಿ, ಅಡ್ಡಲಾಗಿ ಜೋಡಿಸಲ್ಪಟ್ಟಿರುತ್ತದೆ. ಛಾಯಾಗ್ರಾಹಕನು ನಿಂತ ವ್ಯಕ್ತಿಯ ಚಿತ್ರಕ್ಕಾಗಿ ಕ್ಯಾಮರಾವನ್ನು ಲಂಬವಾಗಿ ಹಿಡಿದರೂ ಫಲಕವು ತನ್ನ ಸಾಲುಗಳನ್ನು ಮೊದಲಿನ ಕ್ರಮದಲ್ಲಿಯೇ ಓದುತ್ತದೆ. ಆದುದರಿಂದ ಕಡತದೊಳಗೆ ವ್ಯಕ್ತಿಯು ಮಲಗಿದಂತೆಯೇ ದಾಖಲಾಗುತ್ತಾನೆ. ಆರಂಭಕಾಲದ ಕ್ಯಾಮರಾಗಳು ಇಷ್ಟಕ್ಕೇ ಸುಮ್ಮನಾಗುತ್ತಿದ್ದವು. ಅನಂತರ ಭೂಮಿಯ ಗುರುತ್ವಾಕರ್ಷಣೆಯ ದಿಕ್ಕನ್ನು ಅರಿಯುವ ಸಣ್ಣ ಸಂವೇದಕವನ್ನು ಕ್ಯಾಮರಾದಲ್ಲಿ ಸೇರಿಸಲಾಯಿತು. ಆದರೂ ಕ್ಯಾಮರಾ ಚಿತ್ರವನ್ನು ತಿರುಗಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಚಿತ್ರವನ್ನು ಇದ್ದಂತೆಯೇ ಬರೆದಿಟ್ಟು, ಅದರ ಜೊತೆಗೆ ‘ಇದನ್ನು ಇಷ್ಟು ತಿರುಗಿಸಿ ತೋರಿಸತಕ್ಕದ್ದು’ ಎಂಬರ್ಥದ ಒಂದು ಚೀಟಿಯನ್ನು ಅಂಟಿಸಿಬಿಡುತ್ತದೆ. ಗಾಜಿನ ಸಾಮಾನು ತುಂಬಿದ ಪೆಟ್ಟಿಗೆಯ ಮೇಲೆ ಬಾಣದ ಗುರುತು ಬರೆದು ‘ಈ ಬದಿ ಮೇಲೆ’ ಎಂದು ತಿಳಿಸುವ ಪದ್ಧತಿಗೆ ಇದನ್ನು ಹೋಲಿಸಬಹುದು. ಗುರುತನ್ನು ಓದಬಲ್ಲ ಹಮಾಲನು ಪೆಟ್ಟಿಗೆಯನ್ನು ಸರಿಯಾಗಿ ಇಡುತ್ತಾನೆ. ಓದದವನು ಬಂದಂತೆ ಇಳಿಸುತ್ತಾನೆ.

ಈ ಚೀಟಿಯ ಮಾದರಿಯನ್ನು ಜಪಾನಿನ ವಿದ್ಯುನ್ಮಾನ ಉದ್ಯಮದ ಸಂಘವೊಂದು 1995ರಲ್ಲಿ ‘ಎಕ್ಸಿಫ್’ ಎಂಬ ಹೆಸರಿನಿಂದ ಪ್ರಕಟಿಸಿತು. ಚಿತ್ರ ತೆಗೆದ ದಿನಾಂಕ, ವೇಳೆ, ಕ್ಯಾಮರಾದ ಹೆಸರು, ಬೆಳಕಿನ ಪ್ರಮಾಣ ಮೊದಲಾದ ಅನೇಕ ವಿವರಗಳು ಇದರಲ್ಲಿ ಅಡಗಿರುತ್ತವೆ. ದಿಕ್ಕನ್ನು ಸೂಚಿಸುವ ಅಂಕಣದ ಕ್ರಮಸಂಖ್ಯೆ 274. ಈ ಅಂಕಣವು ‘ಟಿಫ್’ ಎಂಬ ಇನ್ನೊಂದು ಚಿತ್ರಮಾದರಿಯಿಂದ ಎರವಲು ಬಂದುದು. ಇದರಲ್ಲಿ 1ರಿಂದ 8ರವರೆಗಿನ ಯಾವುದಾದರೊಂದು ಅಂಕೆ ಇರುತ್ತದೆ. 1 ಎಂದರೆ ಇದ್ದಂತೆಯೇ ತೋರಿಸುವುದು. 3 ಎಂದರೆ ತಲೆಕೆಳಗು ಮಾಡುವುದು. 6 ಎಂದರೆ ಪ್ರದಕ್ಷಿಣವಾಗಿ ಕಾಲು ಸುತ್ತು. 8 ಎಂದರೆ ಅಪ್ರದಕ್ಷಿಣವಾಗಿ ಕಾಲು ಸುತ್ತು. ಉಳಿದ 2, 4, 5, 7 ಎಂಬ ನಾಲ್ಕು ಅಂಕೆಗಳು ಕನ್ನಡಿಯ ಬಿಂಬದಂತೆ ಎಡಬಲ ಬದಲಾದ ಚಿತ್ರಗಳಿಗೆ ಸಂಬಂಧಿಸಿದವು. ಅವು ಬಳಕೆಯಲ್ಲಿ ವಿರಳ.

ಕನ್ನಡಿಬಿಂಬದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿಯೇ ಹೇಳಬೇಕಾಗಿದೆ. ಹಳೆಯ ನೆಗೆಟಿವ್ ಅಥವಾ ಸ್ಲೈಡನ್ನು ಹಿಂಬದಿಯಿಂದ ಸ್ಕ್ಯಾನ್ ಮಾಡಿದಾಗ ಫಲಕದ ಮೇಲಿನ ಅಕ್ಷರಗಳು ತಿರುವುಮುರುವಾಗುತ್ತವೆ, ಎಡ ಹೆಗಲ ಮೇಲಿದ್ದ ಸೆರಗು ಬಲ ಹೆಗಲಿಗೆ ಬರುತ್ತದೆ. ಇಂಥ ಚಿತ್ರವನ್ನು ಎಷ್ಟು ಸುತ್ತು ತಿರುಗಿಸಿದರೂ ಸರಿಹೋಗದು; ಅದನ್ನು ಮಗುಚಬೇಕು. ತಿರುಗಿಸುವುದು ಬೇರೆ, ಮಗುಚುವುದು ಬೇರೆ. ಅಕ್ಷರಗಳಾಗಲಿ ಸೆರಗಾಗಲಿ ಇಲ್ಲದ ಚಿತ್ರದಲ್ಲಿ ಈ ದೋಷವು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಚೀಟಿಯನ್ನು ಎಲ್ಲ ತಂತ್ರಾಂಶಗಳೂ ಓದುತ್ತಿದ್ದರೆ ಯಾವ ಸಮಸ್ಯೆಯೂ ಇರುತ್ತಿರಲಿಲ್ಲ. ಆದರೆ ಬಹುಕಾಲ ಹಾಗಾಗಲಿಲ್ಲ. 2009ರಲ್ಲಿ ಹೊರಬಂದ ವಿಂಡೋಸ್ 7ರ ಜೊತೆಗಿದ್ದ ಚಿತ್ರದರ್ಶಕವು ಚೀಟಿಯನ್ನು ಲೆಕ್ಕಿಸುತ್ತಿರಲಿಲ್ಲ. 2012ರ ವಿಂಡೋಸ್ 8ರಿಂದ ಈಚೆಗೆ ಲೆಕ್ಕಿಸತೊಡಗಿತು. ಅಂತರಜಾಲದ ಪುಟಗಳನ್ನು ತೋರಿಸುವ ಬ್ರೌಸರುಗಳ ಪೈಕಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಪುಟದೊಳಗಣ ಚಿತ್ರಗಳಿಗೆ ಈ ಸೂಚನೆಯನ್ನು ತಾವಾಗಿಯೇ ಅನ್ವಯಿಸತೊಡಗಿದುದು 2020ರಲ್ಲಿ. ಮಾದರಿ ಪ್ರಕಟವಾಗಿ ಕಾಲು ಶತಮಾನ ಕಳೆದ ಮೇಲೆ! ಇಂದಿಗೂ ಹಳೆಯ ಯಂತ್ರಗಳು, ಕೆಲವು ಮುದ್ರಣಾಲಯಗಳ ಹಳೆಯ ತಂತ್ರಾಂಶಗಳು, ದೂರದರ್ಶನದ ಪೆಟ್ಟಿಗೆಗೆ ಚುಚ್ಚಿ ಚಿತ್ರ ನೋಡುವ ಸಾಧನಗಳು ಚೀಟಿಯನ್ನು ಓದದೆ ಇರುವುದುಂಟು. ಅರ್ಧ ಲೋಕ ಓದುವ, ಇನ್ನರ್ಧ ಓದದಿರುವ ಚೀಟಿಯು ಚೀಟಿಯೇ ಇಲ್ಲದಿರುವುದಕ್ಕಿಂತ ಹೆಚ್ಚು ಗೊಂದಲಕ್ಕೆ ಕಾರಣವಾಗುತ್ತದೆ.

ಹುಡುಗನ ಕಥೆಗೆ ಈಗ ಉತ್ತರ ದೊರೆಯಿತು. ಅವನ ಯಂತ್ರವು ಚೀಟಿಯನ್ನು ಓದಲಿಲ್ಲ, ಚಿತ್ರ ಮಲಗಿತ್ತು. ಅವನು ಚಿತ್ರವನ್ನೇ ತಿರುಗಿಸಿ ನಿಲ್ಲಿಸಿದನು. ಆದರೆ ಅವನ ತಂತ್ರಾಂಶವು ಚೀಟಿಯಲ್ಲಿದ್ದ 6 ಎಂಬ ಅಂಕೆಯನ್ನು ಅಳಿಸಿ 1 ಎಂದು ತಿದ್ದಲಿಲ್ಲ. ನೆಂಟರ ಯಂತ್ರವು ಚೀಟಿಯನ್ನು ಶ್ರದ್ಧೆಯಿಂದ ಓದಿ, ಆಗಲೇ ನಿಂತಿದ್ದ ಚಿತ್ರವನ್ನು ಮತ್ತೆ ಕಾಲು ಸುತ್ತು ತಿರುಗಿಸಿ ಕೆಡವಿತು.

ಚೌಕಗಳ ಲೆಕ್ಕ

ತಿರುಗಿಸಿದರೆ ಚಿತ್ರವು ಸವೆಯುವುದೇಕೆ ಎಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ಇದಕ್ಕೆ ಉತ್ತರ ಕಾಣಲು ‘ಜೆಪೆಗ್’ ಎಂಬ ಚಿತ್ರಮಾದರಿಯ ಅಂತರಂಗವನ್ನು ಸ್ವಲ್ಪ ಪ್ರವೇಶಿಸಬೇಕು. ಈ ಮಾದರಿಯು 1992ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು.

ಇದರ ಬುನಾದಿಯಲ್ಲಿರುವ ಗಣಿತವು ಕನ್ನಡನಾಡಿಗೆ ಸಂಬಂಧವುಳ್ಳದ್ದೆಂಬುದು ಅನೇಕರಿಗೆ ತಿಳಿಯದು. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಇಂದು ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಅಲ್ಲಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್ ಅವರು ಈ ಗಣಿತವನ್ನು ರೂಪಿಸಿದವರು. 1972ರಲ್ಲಿ ಅವರು ಇದರ ಸಂಶೋಧನೆಗೆ ಧನಸಹಾಯ ಕೋರಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಸಲ್ಲಿಸಿದರು. ಅರ್ಜಿ ತಿರಸ್ಕೃತವಾಯಿತು; ವಿಚಾರವು ತೀರ ಸರಳವಾಯಿತೆಂದು ಪರಿಶೀಲಕರೊಬ್ಬರು ಅಭಿಪ್ರಾಯಪಟ್ಟಿದ್ದರೆಂದು ಅಹ್ಮದ್ ಅವರೇ ಮುಂದೆ ಸ್ಮರಿಸಿಕೊಂಡಿದ್ದಾರೆ. ಆದರೂ ಕೈಬಿಡದೆ ತಮ್ಮ ಶಿಷ್ಯ ಟಿ. ನಟರಾಜನ್ ಹಾಗೂ ಮಿತ್ರ ಕೆ. ಆರ್. ರಾವ್ ಅವರೊಡನೆ ಕೆಲಸವನ್ನು ಮುಂದುವರಿಸಿ, 1974ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಇಂದು ಜಗತ್ತಿನ ಜೆಪೆಗ್ ಛಾಯಾಚಿತ್ರಗಳು ಬಹುಮಟ್ಟಿಗೆ ಈ ‘ತೀರ ಸರಳ’ವಾದ ವಿಚಾರದ ಮೇಲೆಯೇ ನಿಂತಿವೆ.

ಜೆಪೆಗ್ ಮಾದರಿಯಲ್ಲಿ ಚಿತ್ರವನ್ನು 8 ಬಿಂದು ಅಗಲ, 8 ಬಿಂದು ಎತ್ತರದ ಚೌಕಗಳಾಗಿ ವಿಭಜಿಸಲಾಗುತ್ತದೆ. ಒಂದು ಚೌಕದ 64 ಬಿಂದುಗಳ ಬೆಳಕಿನ ಪ್ರಮಾಣವನ್ನು 64 ಗುಣಾಂಕಗಳಾಗಿ ಪರಿವರ್ತಿಸಲಾಗುತ್ತದೆ. ಮೊದಲನೆಯ ಗುಣಾಂಕವು ಇಡೀ ಚೌಕದ ಸರಾಸರಿ ಬೆಳಕನ್ನು ಹೇಳಿದರೆ, ಉಳಿದವು ಮಂದವಾದ ಏರಿಳಿತದಿಂದ ತೊಡಗಿ ಅತ್ಯಂತ ಬಿರುಸಾದ ಏರಿಳಿತದವರೆಗಿನ ಅಲೆಗಳ ಬಲವನ್ನು ಹೇಳುತ್ತವೆ. ಇಲ್ಲಿಯವರೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಮುಂದಿನ ಹೆಜ್ಜೆಯಲ್ಲಿ ಪ್ರತಿ ಗುಣಾಂಕವನ್ನೂ ಒಂದು ನಿಗದಿಯಾದ ಭಾಜಕದಿಂದ ಭಾಗಿಸಿ, ಬಂದ ಫಲವನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಲಾಗುತ್ತದೆ. ಉದಾಹರಣೆಗೆ, ಗುಣಾಂಕವು 37 ಆಗಿದ್ದು ಭಾಜಕವು 10 ಆಗಿದ್ದರೆ ಭಾಗಲಬ್ಧ 3.7, ಅದನ್ನು 4 ಎಂದು ಬರೆದಿಡಲಾಗುತ್ತದೆ. ಚಿತ್ರವನ್ನು ತೆರೆಯುವಾಗ 4ನ್ನು 10ರಿಂದ ಗುಣಿಸಿ 40 ಪಡೆಯಲಾಗುತ್ತದೆ. ಮೂಲದ 37 ಇನ್ನು ಮರಳಿ ಬಾರದು. ಈ ತ್ಯಾಗದಿಂದಲೇ ಕಡತವು ಚಿಕ್ಕದಾಗುತ್ತದೆಂಬುದನ್ನೂ ಮರೆಯಲಾಗದು.

ಈಗ ಸಾಧಾರಣ ತಂತ್ರಾಂಶವೊಂದು ಈ ಚಿತ್ರವನ್ನು ತೆರೆದು, ಬಿಂದುಗಳನ್ನು ತಿರುಗಿಸಿ, ಮತ್ತೆ ಜೆಪೆಗ್ ಆಗಿ ಉಳಿಸುತ್ತದೆ. ಅದರ ಭಾಜಕವು ಕ್ಯಾಮರಾದ ಭಾಜಕವೇ ಆಗಿರಬೇಕೆಂಬ ನಿಯಮವಿಲ್ಲ. ಅದು 7 ಆಗಿದ್ದರೆ, 40ನ್ನು ಭಾಗಿಸಿದಾಗ 5.71 ಬಂದು, 6 ಎಂದು ದಾಖಲಾಗಿ, ಮರಳಿ 42 ಆಗುತ್ತದೆ. ಆರಂಭದ 37 ಹೋಗಿ 40 ಆಯಿತು, 40 ಹೋಗಿ 42 ಆಯಿತು. ಓಲೆಗರಿಯ ಗ್ರಂಥವನ್ನು ಮೂಲದಿಂದಲ್ಲದೆ ಪ್ರತಿಯ ಪ್ರತಿಯಿಂದ ನಕಲು ಮಾಡುತ್ತ ಹೋದಂತೆ ಲಿಪಿಕಾರರ ಸ್ಖಾಲಿತ್ಯಗಳು ಬೆಳೆಯುವ ಬಗೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತಮ ಗುಣಮಟ್ಟದಲ್ಲಿ ಒಮ್ಮೆ ಹೀಗೆ ಉಳಿಸಿದರೆ ಕಣ್ಣಿಗೆ ವ್ಯತ್ಯಾಸ ತೋರಲಾರದು ಎಂಬುದನ್ನು ಒಪ್ಪಬೇಕು. ಈ ವಿಷಯದಲ್ಲಿ ಅತಿಯಾದ ಭಯ ಅನಾವಶ್ಯಕ. ಕೀಳು ಗುಣಮಟ್ಟದಲ್ಲಿ ಉಳಿಸಿದಾಗ, ಅಥವಾ ಬೇರೆಬೇರೆ ತಂತ್ರಾಂಶಗಳಲ್ಲಿ ಪುನಃ ಪುನಃ ಉಳಿಸಿದಾಗ ಮಾತ್ರ ಮುಖದ ಸುತ್ತ ಮಸುಕು, ಅಕ್ಷರಗಳ ಅಂಚಿನಲ್ಲಿ ಸೊಳ್ಳೆ ಮುತ್ತಿದಂಥ ಚುಕ್ಕೆಗಳು ಕಾಣತೊಡಗುತ್ತವೆ.

ಆದರೆ ಇನ್ನೊಂದು ಮಾರ್ಗವಿದೆ, ಮತ್ತು ಅದು ಗಣಿತದ ಅಧ್ಯಾಪಕರಿಗೆ ಸಂತೋಷವನ್ನು ಕೊಡತಕ್ಕದ್ದು. ಚೌಕದ 64 ಗುಣಾಂಕಗಳನ್ನು ಎಂಟು ಸಾಲು, ಎಂಟು ಕಂಬಗಳ ಕೋಷ್ಟಕವಾಗಿ ಬರೆದು, ಸಾಲುಗಳನ್ನು ಕಂಬಗಳನ್ನಾಗಿಯೂ ಕಂಬಗಳನ್ನು ಸಾಲುಗಳನ್ನಾಗಿಯೂ ಅದಲುಬದಲು ಮಾಡಿದರೆ ಚೌಕವು ಕರ್ಣದ ಮೇಲೆ ಮಗುಚಿಕೊಳ್ಳುತ್ತದೆ. ಇನ್ನು ಎಡಬಲವನ್ನು ಬದಲಿಸಬೇಕು. ಅಲೆಗಳಲ್ಲಿ ಸಮಸಂಖ್ಯೆಯವು ಕನ್ನಡಿಯಲ್ಲಿ ಇದ್ದಂತೆಯೇ ಕಾಣುತ್ತವೆ. ಬೆಸಸಂಖ್ಯೆಯವು ಮಾತ್ರ ಏರು ಇದ್ದಲ್ಲಿ ಇಳಿತವಾಗಿ ಕಾಣುತ್ತವೆ. ಆದುದರಿಂದ ಬೆಸಸಂಖ್ಯೆಯ ಕಂಬಗಳ ಗುಣಾಂಕಗಳಿಗೆ ಧನವಿದ್ದಲ್ಲಿ ಋಣ, ಋಣವಿದ್ದಲ್ಲಿ ಧನ ಚಿಹ್ನೆಯನ್ನು ಹಾಕಿದರೆ ಸಾಕು. ಈ ಎರಡು ಕ್ರಿಯೆಗಳಿಂದ ಚೌಕವು ಪ್ರದಕ್ಷಿಣವಾಗಿ ಕಾಲು ಸುತ್ತು ತಿರುಗಿದಂತಾಯಿತು. ಭಾಜಕಗಳ ಕೋಷ್ಟಕವನ್ನೂ ಹಾಗೆಯೇ ಅದಲುಬದಲು ಮಾಡಿ, ಚೌಕಗಳನ್ನು ಅವುಗಳ ಹೊಸ ಸ್ಥಾನದಲ್ಲಿ ಜೋಡಿಸಿದರೆ ಕೆಲಸ ಮುಗಿಯಿತು. ಎಲ್ಲಿಯೂ ಭಾಗಾಕಾರವಿಲ್ಲ, ಪೂರ್ಣಾಂಕಕ್ಕೆ ಹೊಂದಿಸುವುದಿಲ್ಲ. 4 ಎಂಬುದು 4 ಆಗಿಯೋ ಋಣ 4 ಆಗಿಯೋ ಉಳಿಯುತ್ತದೆ. ಇದನ್ನೇ ನಷ್ಟರಹಿತ ತಿರುಗಿಸುವಿಕೆ ಎನ್ನುತ್ತಾರೆ. 1998ರಲ್ಲಿ ಹೊರಬಂದ ‘ಜೆಪೆಗ್‌ಟ್ರಾನ್’ ಎಂಬ ಉಚಿತ ತಂತ್ರಾಂಶದ ಆವೃತ್ತಿಯಲ್ಲಿ ಈ ಸೌಕರ್ಯವು ಸೇರ್ಪಡೆಯಾಯಿತು. ‘ಇರ್ಫಾನ್‌ವ್ಯೂ’ ಮೊದಲಾದ ಮನೆಬಳಕೆಯ ತಂತ್ರಾಂಶಗಳಲ್ಲಿಯೂ ಇದು ದೊರೆಯುತ್ತದೆ.

ಅಂಚಿನ ತೊಡಕು

ಇಷ್ಟು ಸೊಗಸಾದ ಉಪಾಯಕ್ಕೂ ಒಂದು ಮಿತಿ ಇದೆ. ಬಣ್ಣದ ಚಿತ್ರಗಳಲ್ಲಿ ಬಣ್ಣದ ಅಂಶವನ್ನು ಬೆಳಕಿಗಿಂತ ಕಡಿಮೆ ಸಾಂದ್ರತೆಯಲ್ಲಿ ದಾಖಲಿಸುವ ರೂಢಿಯಿರುವುದರಿಂದ ಅನೇಕ ಕಡತಗಳಲ್ಲಿ ವ್ಯವಹಾರದ ಚೌಕವು 8ರ ಬದಲು 16 ಬಿಂದುಗಳದಾಗಿರುತ್ತದೆ. 4000 ಬಿಂದು ಅಗಲ, 3000 ಬಿಂದು ಎತ್ತರದ ಚಿತ್ರವೊಂದನ್ನು ಪರಿಗಣಿಸಬಹುದು. 4000ವನ್ನು 16ರಿಂದ ಭಾಗಿಸಿದರೆ ನಿಶ್ಶೇಷವಾಗಿ 250. ಆದರೆ 3000ವನ್ನು ಭಾಗಿಸಿದರೆ 187 ಪೂರ್ಣ ಚೌಕಗಳಾಗಿ 8 ಬಿಂದುಗಳು ಮಿಗುತ್ತವೆ. ಕೆಳಗಿನ ಅಂಚಿನಲ್ಲಿ ಅರೆ ತುಂಬಿದ ಚೌಕಗಳ ಒಂದು ಸಾಲು ಉಳಿಯುತ್ತದೆ. ಜೆಪೆಗ್ ನಿಯಮದಂತೆ ಅರೆಚೌಕಗಳು ಬಲ ಅಂಚಿನಲ್ಲಿ ಅಥವಾ ಕೆಳ ಅಂಚಿನಲ್ಲಿ ಮಾತ್ರ ಇರಬಹುದು. ಚಿತ್ರವನ್ನು ಪ್ರದಕ್ಷಿಣವಾಗಿ ತಿರುಗಿಸಿದರೆ ಕೆಳ ಅಂಚು ಎಡಕ್ಕೆ ಬರುತ್ತದೆ; ಅಲ್ಲಿ ಅರೆಚೌಕಕ್ಕೆ ಎಡೆಯಿಲ್ಲ. ಅದೇ ಚಿತ್ರವನ್ನು ಅಪ್ರದಕ್ಷಿಣವಾಗಿ ತಿರುಗಿಸಿದರೆ ಕೆಳ ಅಂಚು ಬಲಕ್ಕೆ ಹೋಗುವುದರಿಂದ ಯಾವ ಅಡ್ಡಿಯೂ ಇಲ್ಲ! ಒಂದು ದಿಕ್ಕಿನಲ್ಲಿ ಸುಗಮವಾಗಿ ತಿರುಗುವ ಚಿತ್ರವು ಇನ್ನೊಂದು ದಿಕ್ಕಿನಲ್ಲಿ ತಕರಾರು ಮಾಡುವುದನ್ನು ಕಂಡು ಬೆರಗಾದವರಿಗೆ ಕಾರಣವು ಇದೇ.

ಇಂಥಲ್ಲಿ ತಂತ್ರಾಂಶಗಳು ಒಂದೊಂದು ಬಗೆಯಾಗಿ ವರ್ತಿಸುತ್ತವೆ. ಕೆಲವು ಆ 8 ಸಾಲುಗಳನ್ನು ಕತ್ತರಿಸಿ ಎಸೆಯುತ್ತವೆ. ಕೆಲವು ಅಂಚಿನ ಪಟ್ಟಿಯನ್ನು ತಿರುಗಿಸದೆ ಹಾಗೆಯೇ ಬಿಟ್ಟು ಚಿತ್ರದ ಬದಿಗೆ ವಿಕಾರವಾದ ಗೆರೆಯನ್ನು ಉಳಿಸುತ್ತವೆ. ಅಳತೆಯ ದೆಸೆಯಿಂದ ಗುಣಮಟ್ಟ ಕುಂದಬಹುದೆಂದು ವಿಂಡೋಸ್ ಎಕ್ಸ್‌ಪಿ ಎಚ್ಚರಿಕೆ ಕೊಡುತ್ತಿದ್ದುದನ್ನು ಅದನ್ನು ಬಳಸಿದವರು ನೆನೆಯಬಲ್ಲರು. ಆ ಎಚ್ಚರಿಕೆಯ ಮರ್ಮ ಈ ಅರೆಚೌಕವೇ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಏನನ್ನೂ ಹೇಳದೆ ಬಿಂದುಗಳನ್ನು ಬಿಚ್ಚಿ ಮರಳಿ ಭಾಗಿಸಿ ಬರೆಯುವ ತಂತ್ರಾಂಶ. ಜೆಪೆಗ್‌ಟ್ರಾನ್‌ಗೆ ‘ಪರ್ಫೆಕ್ಟ್’ ಎಂಬ ಆಜ್ಞೆಯನ್ನು ಸೇರಿಸಿದರೆ, ಸಂಪೂರ್ಣವಾಗಿ ನಷ್ಟವಿಲ್ಲದೆ ತಿರುಗಿಸಲು ಬಾರದ ಚಿತ್ರವನ್ನು ಅದು ಮುಟ್ಟದೆ ಹಿಂದಿರುಗಿಸುತ್ತದೆ. 3000ದಲ್ಲಿ 8 ಸಾಲು ದೊಡ್ಡ ನಷ್ಟವಲ್ಲ. ಒಮ್ಮೆ ಕತ್ತರಿಸಿ 2992 ಆದ ಮೇಲೆ ಮುಂದೆ ಎಷ್ಟು ತಿರುಗಿಸಿದರೂ ಮತ್ತೆ ಕತ್ತರಿಸಬೇಕಾಗಿಲ್ಲ. 4032 ಬಿಂದು ಅಗಲ, 3024 ಬಿಂದು ಎತ್ತರದ ಚಿತ್ರಗಳನ್ನು ಕೊಡುವ ಫೋನುಗಳಿಗೆ ಈ ತೊಡಕೇ ಇಲ್ಲ, ಏಕೆಂದರೆ ಎರಡು ಸಂಖ್ಯೆಗಳೂ 16ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ.

ಪರಿಹಾರದ ಕ್ರಮ

ಮೊಟ್ಟಮೊದಲು ಮೂಲ ಚಿತ್ರಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟು, ಅದನ್ನು ಯಾರೂ ಮುಟ್ಟದಂತೆ ಮಾಡಬೇಕು. ಆಮೇಲೆ ರೋಗನಿರ್ಣಯ. ಮಲಗಿದ ಚಿತ್ರವನ್ನು ಎರಡು ಬೇರೆ ತಂತ್ರಾಂಶಗಳಲ್ಲಿ ತೆರೆದು ನೋಡಬೇಕು. ಎರಡರಲ್ಲಿ ಒಂದು ಈಚಿನ ಬ್ರೌಸರಾಗಿದ್ದರೆ ಒಳ್ಳೆಯದು. ಒಂದರಲ್ಲಿ ನಿಂತು ಇನ್ನೊಂದರಲ್ಲಿ ಮಲಗಿದ್ದರೆ ತೊಡಕು ಚೀಟಿಯ ಓದಿಗೆ ಸಂಬಂಧಿಸಿದ್ದು. ಎರಡರಲ್ಲಿಯೂ ಒಂದೇ ಬಗೆಯಾಗಿ ಮಲಗಿದ್ದರೆ ಚೀಟಿಯೇ ಇಲ್ಲ, ಅಥವಾ ಅದರಲ್ಲಿ ತಪ್ಪು ಅಂಕೆ ಇದೆ. ‘ಎಕ್ಸಿಫ್‌ಟೂಲ್’ ಎಂಬ ಉಚಿತ ಸಾಧನದಿಂದ ಆ ಅಂಕೆಯನ್ನು ನೇರವಾಗಿ ಓದಬಹುದು.

ಬ್ರೌಸರಿನಲ್ಲಿ ಸರಿಯಾಗಿದ್ದು ಹಳೆಯ ಯಂತ್ರದಲ್ಲಿ ಮಾತ್ರ ಮಲಗುವ ಚಿತ್ರಕ್ಕೆ ನಷ್ಟರಹಿತ ತಿರುಗಿಸುವಿಕೆಯೇ ಮದ್ದು. ತಿರುಗಿಸಿದ ಮೇಲೆ ಅಂಕೆ 1 ಆಗಿದೆಯೇ ಎಂದು ನೋಡಬೇಕು. ‘ಜೆಹೆಡ್’ ಎಂಬ ಸಾಧನವು ಜೆಪೆಗ್‌ಟ್ರಾನ್‌ನ ನೆರವಿನಿಂದ ಇವೆರಡನ್ನೂ ನೂರಾರು ಚಿತ್ರಗಳಿಗೆ ಒಂದೇ ಬಾರಿಗೆ ಮಾಡಬಲ್ಲದು. ಮದುವೆಮನೆಯ ಹುಡುಗನ ಚಿತ್ರಗಳಂತೆ ಹಳೆಯ ಯಂತ್ರದಲ್ಲಿ ನಿಂತು ಹೊಸದರಲ್ಲಿ ಬೀಳುವ ಚಿತ್ರಗಳಿಗೆ ತಿರುಗಿಸುವ ಅಗತ್ಯವೇ ಇಲ್ಲ. ಅಂಕೆಯನ್ನು 1 ಎಂದು ತಿದ್ದಿದರಾಯಿತು, ಚಿತ್ರದ ಒಂದು ಬಿಂದುವೂ ಕದಲುವುದಿಲ್ಲ. ಇದನ್ನರಿಯದೆ ಮತ್ತೊಮ್ಮೆ ತಿರುಗಿಸುವವರೇ ಹೆಚ್ಚು.

ಕೆಲವೊಮ್ಮೆ ಯಂತ್ರವು ತಿರುಗಿಸಲು ಒಪ್ಪುವುದೇ ಇಲ್ಲ. ಚಿತ್ರವು ಸಿ.ಡಿ.ಯಲ್ಲಿಯೇ ಇದ್ದರೆ ಅದರ ಮೇಲೆ ಬರೆಯಲಾಗದು. ಗಣಕಯಂತ್ರಕ್ಕೆ ನಕಲು ಮಾಡಿಕೊಂಡು ಅನಂತರ ತಿರುಗಿಸಬೇಕು. ಮೆಮೊರಿ ಕಾರ್ಡಿನ ಬದಿಯ ಸಣ್ಣ ಬೀಗ ಹಾಕಿರಬಹುದು, ಕಡತಕ್ಕೆ ‘ಓದಲು ಮಾತ್ರ’ ಎಂಬ ಗುರುತು ಇರಬಹುದು, ಅಥವಾ ಅದೇ ಚಿತ್ರವು ಮತ್ತೊಂದು ತಂತ್ರಾಂಶದಲ್ಲಿ ತೆರೆದಿರಬಹುದು. ಕಾರ್ಡಿನಲ್ಲಿರುವಾಗಲೇ ಗಣಕಯಂತ್ರದಿಂದ ತಿರುಗಿಸಿದ ಚಿತ್ರವನ್ನು ಕ್ಯಾಮರಾ ಮರಳಿ ತೋರಿಸದೆ ಹೋಗುವುದುಂಟು. ಆ ಅಭ್ಯಾಸವನ್ನು ಬಿಡುವುದೇ ಲೇಸು. ದೊಡ್ಡ ಚಿತ್ರವು ನಿಂತಿದ್ದು ಪಟ್ಟಿಯಲ್ಲಿ ಕಾಣುವ ಕಿರುಚಿತ್ರವು ಮಲಗಿದ್ದರೆ ಗಾಬರಿಗೆ ಕಾರಣವಿಲ್ಲ: ಚೀಟಿಯೊಳಗೆ ಪ್ರತ್ಯೇಕವಾದ ಕಿರುಪ್ರತಿಯೊಂದಿದ್ದು, ತಂತ್ರಾಂಶವು ಅದನ್ನು ತಿದ್ದಲು ಮರೆತಿರುತ್ತದೆ. ಆದರೆ ಚೀಟಿಯನ್ನೇ ಹರಿದೆಸೆಯುವ ತಂತ್ರಾಂಶದ ವಿಷಯದಲ್ಲಿ ಜಾಗರೂಕತೆ ಅವಶ್ಯ. ಚಿತ್ರವನ್ನು ಯಾವ ದಿನ ತೆಗೆಯಲಾಯಿತೆಂಬ ದಾಖಲೆಯು ಅದರೊಡನೆಯೇ ಹೋಗುತ್ತದೆ. ತಿರುಗಿಸಿದ ದಿನವೇ ಕಡತದ ದಿನಾಂಕವಾಗಿ ಉಳಿದು, ಇಪ್ಪತ್ತು ವರ್ಷಗಳ ಹಿಂದೆ ತೀರಿಕೊಂಡ ಅಜ್ಜಿಯು ಕಳೆದ ವಾರದ ಚಿತ್ರಗಳ ನಡುವೆ ಕುಳಿತಿರುತ್ತಾಳೆ. ವಾಟ್ಸಾಪಿನ ಮೂಲಕ ಸಾಧಾರಣ ಚಿತ್ರವಾಗಿ ಕಳುಹಿಸಿದಾಗಲೂ ಈ ವಿವರಗಳು ಉಳಿಯುವುದಿಲ್ಲ, ಚಿತ್ರವೂ ಕುಗ್ಗುತ್ತದೆ. ಸ್ಮರಣಸಂಚಿಕೆಗೆ ಹಳೆಯ ಚಿತ್ರಗಳನ್ನು ಕಳುಹಿಸುವವರು ಅವನ್ನು ದಾಖಲೆಯ ರೂಪದಲ್ಲಿ ಅಥವಾ ಪೆನ್‌ಡ್ರೈವಿನಲ್ಲಿ ಕಳುಹಿಸುವುದು ಯುಕ್ತ.

ಮೇಜಿನ ಮೇಲೆ ಹರಡಿದ ಓಲೆಗರಿ, ದಾಖಲಾತಿ ಪುಸ್ತಕ, ಹಳೆಯ ಗುಂಪುಚಿತ್ರ ಇವುಗಳನ್ನು ಫೋನಿನಿಂದ ಸೆರೆಹಿಡಿಯುವಾಗ ಈ ತೊಡಕು ವಿಶೇಷವಾಗಿ ಕಾಣಿಸಿಕೊಳ್ಳುತ್ತದೆ. ಫೋನು ನೇರವಾಗಿ ಕೆಳಮುಖವಾಗಿರುವಾಗ ಗುರುತ್ವಾಕರ್ಷಣೆಯು ಅದರ ಯಾವ ಬದಿಗೂ ಎಳೆಯದೆ ಬೆನ್ನಿನ ದಿಕ್ಕಿಗೆ ಎಳೆಯುತ್ತದೆ. ಮೇಲಿನ ಬದಿ ಯಾವುದೆಂಬುದು ಸಂವೇದಕಕ್ಕೆ ತಿಳಿಯದೆ, ಹಿಂದೆ ತಿಳಿದಿದ್ದ ದಿಕ್ಕನ್ನೇ ಚೀಟಿಯಲ್ಲಿ ಬರೆದುಬಿಡುತ್ತದೆ. ಆದುದರಿಂದ ನೂರು ಗರಿಗಳಲ್ಲಿ ಹತ್ತು ತಲೆಕೆಳಗಾಗಿ, ಇಪ್ಪತ್ತು ಮಗ್ಗುಲಾಗಿ ದಾಖಲಾಗುವುದು ಅಚ್ಚರಿಯಲ್ಲ. ಕೆಲಸಕ್ಕೆ ತೊಡಗುವ ಮುನ್ನ ಫೋನನ್ನು ಕ್ಷಣಕಾಲ ಎದೆಯ ಮುಂದೆ ನೆಟ್ಟಗೆ ಹಿಡಿದು, ಪರದೆಯ ಮೇಲಿನ ಗುರುತುಗಳು ನಿಂತುವೆಂದು ಕಂಡ ಮೇಲೆ ನಿಧಾನವಾಗಿ ಕೆಳಕ್ಕೆ ಬಾಗಿಸಿ ಚಿತ್ರ ತೆಗೆದರೆ ದಿಕ್ಕು ಬಹುಮಟ್ಟಿಗೆ ಸರಿಯಾಗಿ ದಾಖಲಾಗುತ್ತದೆ. ಆಗಲೂ ತಪ್ಪಿದವುಗಳ ಅಂಕೆಯನ್ನು ಮಾತ್ರ ತಿದ್ದಬೇಕು. ಗರಿಯ ಮೇಲಿನ ಸೂಕ್ಷ್ಮ ಅಕ್ಷರಗಳನ್ನು ಭಾಜಕಗಳ ಕೈಗೆ ಮತ್ತೊಮ್ಮೆ ಒಪ್ಪಿಸಬಾರದು.